ಮೊದಲು ಕೈಯ ಹಿಂಬದಿಗೆ

"ನೀವೇ ಸುಟ್ಟಿರೋದು," ಎಂದಳು ಮಗಳು.

ನನ್ನ ಮಗಳಲ್ಲ, ನನ್ನ ವಾರಗಿತ್ತಿಯ ಮಗಳು. ಇನ್ನೂ ಚಪ್ಪಲಿ ಬಿಚ್ಚಿರಲಿಲ್ಲ, ಹೆಗಲಿನ ಚೀಲ ಇಳಿಸಿರಲಿಲ್ಲ. ಒಳಕೋಣೆಯಲ್ಲಿ ಅವಳ ತಾಯಿ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಯಾರನ್ನೋ ಬೈಯುತ್ತ ಕೂತಿದ್ದಳು. ಆ ಎಡಗೈಯ ಹಿಂಬದಿಯಲ್ಲಿ, ಗೆಣ್ಣುಗಳಿಗೂ ಮಣಿಕಟ್ಟಿಗೂ ನಡುವೆ, ಬೆರಳಿನಷ್ಟು ಉದ್ದಕ್ಕೆ ಬೊಬ್ಬೆ ಎದ್ದಿತ್ತು. ಕರೆಂಟಿಗೆ ಹಾಕಿ ಕಾಯಿಸಿ ಕೂದಲು ಸುರುಳಿ ಮಾಡಿಕೊಳ್ಳುತ್ತಾರಲ್ಲ, ಆ ಕರ್ಲರ್ ಕಡ್ಡಿಯ ಗುರುತು. ನಾನು ತಣ್ಣೀರಲ್ಲಿ ಅದ್ದಿದ ಬಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದೆ. ಅಲ್ಲೇ ನಿಂತೆ.

"ನಾನು ಪಾತ್ರೆ ತೊಳೀತಿದ್ದೆ ಕಣೇ. ಕೂಗು ಕೇಳಿ ಓಡಿ ಬಂದೆ."

"ಕೆನ್ನೆ ಸುಟ್ಟಿದ್ರೆ ನಂಬ್ತಿದ್ದೆ ಚಿಕ್ಕಮ್ಮ. ಕಿವಿ ಸುಟ್ಟಿದ್ರೂ ನಂಬ್ತಿದ್ದೆ. ಕೂದ್ಲಿಗೆ ಹಾಕೋ ಕಡ್ಡೀನ ಯಾರಾದ್ರೂ ಕೈ ಮೇಲೆ ಒತ್ಕೋತಾರಾ? ಅಷ್ಟು ನೆಟ್ಟಗೆ? ಯಾರೋ ಹಿಡ್ಕೊಂಡು ಇಟ್ಟ ಹಾಗಿದೆ."

"ಯಾರೋ ಅಂತ ಯಾಕೆ ಸುತ್ತಿ ಬಳಸ್ತೀಯ? ಮನೇಲಿರೋದು ನಾನೊಬ್ಳೇ."

"ಅದನ್ನೇ ಹೇಳಿದ್ದು."

ಅವಳ ಅನುಮಾನಕ್ಕೆ ಬುಡ ಇಲ್ಲವೆಂದು ಹೇಳಲಾರೆ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿಸಿಕೊಂಡು ಬೆಳೆದದ್ದು ನಮ್ಮಿಬ್ಬರ ಜಗಳವನ್ನೇ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಹೊಕ್ಕವರು ನಾವು. ಗಂಡಂದಿರು ಒಬ್ಬರ ಹಿಂದೆ ಒಬ್ಬರು ಹೋದರು, ಮನೆ ಬದಲಾಯಿತು, ಜಗಳ ಮಾತ್ರ ಪೆಟ್ಟಿಗೆ ಪಾತ್ರೆಗಳ ಜೊತೆ ಬಂತು. ನನ್ನ ವಾರಗಿತ್ತಿ ಆಗ ಪೇಟೆಯ ದೊಡ್ಡ ಅಂಗಡಿಯಲ್ಲಿ ಸ್ನೋ, ಪೌಡರ್, ಲಿಪ್‌ಸ್ಟಿಕ್ ಮಾರುವ ಕೌಂಟರಿನ ಮುಖ್ಯಸ್ಥೆ. ಗಾಜಿನ ಕಟ್ಟೆಯ ಹಿಂದೆ ಸುರುಳಿ ಕೂದಲು ಬಿಟ್ಟುಕೊಂಡು ನಿಲ್ಲುವವಳು. ನಾನು ಅದೇ ರಸ್ತೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. "ನಿನ್ನ ಮುಖಕ್ಕೆ ಕ್ರೀಮ್ ಸಾಲಲ್ಲ, ಗಂಜಿ ಹಾಕಿ ಇಸ್ತ್ರಿ ಮಾಡ್ಬೇಕು," ಎಂದು ನೆಂಟರ ಮುಂದೆ ಅಂದವಳು ಅವಳು. ಮೂರು ಮಕ್ಕಳಾದ ಮೇಲೆ ನಾನು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತಾಗ ನನಗೆ 'ಗೂಬೆ' ಎಂದು ಹೆಸರಿಟ್ಟವಳೂ ಅವಳೇ. ನಾನೂ ಬಾಯಿಗೆ ಬೀಗ ಹಾಕಿಕೊಂಡವಳಲ್ಲ. ಅವಳನ್ನು 'ಗೋಡೆಗೆ ಸುಣ್ಣ ಹೊಡೆಯೋ ಕಂಟ್ರಾಕ್ಟರು' ಎಂದು ಕರೆಯುತ್ತಿದ್ದೆ.

ಈಗ ಅವಳಿಗೆ ಮರೆವಿನ ಕಾಯಿಲೆ. ನಾನು ಯಾರೆಂದು ತಿಳಿಯದೆ ಎರಡು ಮಳೆಗಾಲ ಕಳೆದಿವೆ. 'ಗೂಬೆ' ಎಂದು ಕರೆಯುವುದೂ ನಿಂತುಹೋಗಿದೆ. ಹೆಸರಿಲ್ಲದೆ ಬೈಸಿಕೊಳ್ಳುವುದು ಎಷ್ಟು ಸಪ್ಪೆಯೆಂದು ಬೈಸಿಕೊಂಡವರಿಗೇ ಗೊತ್ತು.

ಮಗಳು ಕೋಣೆಯೊಳಗೆ ಹೋಗಿ ಕನ್ನಡಿ ಮೇಜನ್ನು ಒಮ್ಮೆ ನೋಡಿದಳು. ಮೇಲೆ ಸೀಸೆಗಳ ಸಾಲು, ಮುಚ್ಚಳವಿಲ್ಲದ ಡಬ್ಬಿಗಳು, ಹಲ್ಲಿನ ಗುರುತು ಬಿದ್ದ ಒಂದು ಲಿಪ್‌ಸ್ಟಿಕ್.

"ಭಾನುವಾರ ಬರ್ತೀನಿ," ಎಂದಳು. "ಆರೈಕೆ ಮನೆಯವರ ಹತ್ರ ಮಾತಾಡಿ ಆಗಿದೆ. ಅಲ್ಲಿ ಎಲ್ರಿಗೂ ಕೂದ್ಲು ಮೋಟಾಗಿ ಕತ್ತರಿಸ್ತಾರೆ, ಕನ್ನಡಿ ಕೊಡಲ್ಲ. ಅಲ್ಲಿವರೆಗೆ ನರ್ಸನ್ನ ಕಳಿಸ್ತೀನಿ. ಗಾಯಕ್ಕೆ ಪಟ್ಟಿ ಕಟ್ಟೋಕೆ, ಮತ್ತೆ ನಿಮ್ಮ ಮೇಲೆ ಒಂದು ಕಣ್ಣಿಡೋಕೆ. ಮುಚ್ಚುಮರೆ ಯಾಕೆ."

"ಈ ಅಲಂಕಾರ ತಪ್ಪಿಸಿದ್ರೆ ನಿಮ್ಮಮ್ಮ ಒಂದು ತುತ್ತೂ ತಿನ್ನಲ್ಲ. ಮುಖ ಮುಗಿದ ಮೇಲೇ ಅವಳಿಗೆ ಬೆಳಗಾಗೋದು."

"ಇಷ್ಟು ವರ್ಷ ಈ ಟೇಬಲ್ ಕಂಡ್ರೆ ಆಗ್ತಿರ್ಲಿಲ್ಲ ನಿಮಗೆ. ಇವತ್ತೇನು ವಕಾಲತ್ತು? ಅಮ್ಮ ಹೋದ್ರೆ ನಾನು ಬಾಡಿಗೆ ಕಟ್ಟೋ ಈ ಮನೆಗೆ ಬೀಗ ಬೀಳುತ್ತೆ ಅಂತ ತಾನೆ?"

"ಹೌದು, ಅದೂ ಇದೆ," ಎಂದೆ. ಇಲ್ಲವೆಂದರೆ ಸುಳ್ಳಾಗುತ್ತಿತ್ತು.

"ಸುರಕ್ಷಿತವಾಗಿ ಮಾಡಿಸೋಕಾದ್ರೆ ಭಾನುವಾರ ನನ್ನೆದುರು ಮಾಡಿಸಿ ತೋರ್ಸಿ. ಅಮ್ಮ ಕಿರುಚಬಾರ್ದು, ಇನ್ನೊಂದು ಗಾಯ ಇರಬಾರ್ದು. ಆಗಲಿಲ್ಲ ಅಂದ್ರೆ ನಿಮ್ಮ ದಾರಿ ನಿಮಗೆ." ಬಾಗಿಲು ದಢಾರೆಂದು ಮುಚ್ಚಿಕೊಂಡಿತು.

ಬೀಗದ ಚಿಂತೆ ನನಗಿದ್ದದ್ದು ನಿಜ. ಆದರೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಜಗಳವಾಡಿದ್ದೇನೆ, ಒಲೆಯ ಮೇಲಿನ ಹಾಲು ಉಕ್ಕಿದರೂ ಬಿಡದೆ ಆಡಿದ್ದೇನೆ. ಕೈಲಾಗದವಳ ಕೈ ಹಿಡಿದು ಸುಡುವವಳು ನಾನಲ್ಲ. ಅದನ್ನು ಬಾಯಲ್ಲಿ ಹೇಳಿ ನಂಬಿಸುವ ಕಾಲ ಮಾತ್ರ ಕಳೆದುಹೋಗಿತ್ತು.

ಅಂದು ಸಂಜೆಯೇ ನಾನು ಮೇಜಿನ ಸಾಮಾನನ್ನೆಲ್ಲ ಗುಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕರ್ಲರ್, ಕತ್ತರಿ, ಹುಬ್ಬು ಕೀಳುವ ಚಿಮಟ, ಉಗುರು ಬಣ್ಣ ತೆಗೆಯುವ ಸ್ಪಿರಿಟ್, ಕೂದಲ ಬಣ್ಣ, ಕ್ರೀಮು, ಪೌಡರು, ಯಾವುದನ್ನೂ ಬಿಡಲಿಲ್ಲ. ಗಾಯವಾಗುವ ವಸ್ತುವೇ ಇಲ್ಲದಿದ್ದರೆ ಗಾಯವೆಲ್ಲಿಂದ ಎಂದುಕೊಂಡೆ.

ಮರುದಿನ ಬೆಳಗ್ಗೆ ಅವಳು ಬರಿದಾದ ಮೇಜಿನ ಮುಂದೆ ಕೂತು ಕನ್ನಡಿಯೊಳಗಿನ ಮುದುಕಿಯನ್ನು ದುರುಗುಟ್ಟಿ ನೋಡಿದಳು. "ನೀನೇ ಕದ್ದಿದ್ದು," ಎಂದಳು. "ದಿನಾ ಬಂದು ಕೂತ್ಕೋತೀಯ, ಒಂದು ಸೋಪು ಕೊಳ್ಳಲ್ಲ. ಕದಿಯೋಕೇ ಬರೋದು ನೀನು." ಕನ್ನಡಿಯಲ್ಲಿದ್ದವಳು ತಾನೇ ಎಂಬುದು ಅವಳಿಗೆ ತಿಳಿಯುವುದಿಲ್ಲ. ತಟ್ಟೆ ಎಸೆದಳು. ಹಾಲನ್ನು ನನ್ನ ಮಡಿಲಿಗೆ ಚೆಲ್ಲಿದಳು. ನಾನು ನೆಲ ಒರೆಸಿ ಬಟ್ಟೆ ಹಿಂಡಿ ಬರುವಷ್ಟರಲ್ಲಿ ಕೋಣೆ ಖಾಲಿ. ಅಡುಗೆಮನೆಯ ತೊಟ್ಟಿಯ ಹತ್ತಿರ ನಿಂತು, ಪಾತ್ರೆ ತೊಳೆಯುವ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಅಚ್ಚುಕಟ್ಟಾಗಿ ಒಂದು ಕೆನ್ನೆಗೆ ಮೆತ್ತಿ ಇನ್ನೊಂದು ಕೆನ್ನೆಗೆ ಹೊರಟಿದ್ದಳು. ಕಣ್ಣಿಗೆ ಹೋಗುವುದಕ್ಕೆ ಒಂದು ರೆಪ್ಪೆಯಷ್ಟೇ ದೂರ ಉಳಿದಿತ್ತು. ಕೈ ಹಿಡಿದುಕೊಂಡೆ. ಮೊಣಕೈಯಿಂದ ನನ್ನ ಎದೆಗೆ ತಿವಿದಳು. ನಲ್ಲಿ ಬಿಟ್ಟು ಮುಖ ತೊಳೆಸುವುದರೊಳಗೆ ಇಬ್ಬರೂ ನೆನೆದು ತೊಪ್ಪೆಯಾಗಿದ್ದೆವು.

ನರ್ಸಮ್ಮ ಬಾಗಿಲು ತಟ್ಟಿದ್ದು ಆಗಲೇ.

ನಲವತ್ತು ದಾಟಿದ, ದುಂಡು ಮುಖದ, ಬೆಣ್ಣೆಯಂಥ ದನಿಯ ಹೆಂಗಸು. ನಾನು ಮನಸ್ಸಿನಲ್ಲೇ 'ಸಕ್ಕರೆ' ಎಂದು ಹೆಸರಿಟ್ಟೆ. "ಅಯ್ಯೋ ನಮ್ಮ ಮುದ್ದು ಅಜ್ಜಿ, ನೆನ್ಕೊಂಡ್ಬಿಟ್ರಾ? ಬನ್ನಿ ಬಂಗಾರ, ಪುಟಾಣಿ ಕೈ ತೋರ್ಸಿ," ಎಂದು ಶುರುಮಾಡಿದಳು. ವಾರಗಿತ್ತಿ ಅವಳನ್ನು ಕಾಲಿನಿಂದ ತಲೆಯವರೆಗೆ ಅಳೆದಳು.

"ಯಾವ ಕಂಪನಿ ಏಜೆಂಟು ನೀನು?"

"ನಾನು ನಿಮ್ಮ ಫ್ರೆಂಡು, ಚಿನ್ನ."

"ಇಷ್ಟು ನಯವಾಗಿ ಮಾತಾಡೋರು ಹಳೇ ಮಾಲು ತಳ್ಳೋಕೆ ಬಂದಿರ್ತಾರೆ. ಹೊರಗೆ ನಡಿ!"

ಪಟ್ಟಿ ಕಟ್ಟಿಸಿಕೊಳ್ಳುವಷ್ಟರಲ್ಲಿ ಸಕ್ಕರೆಗೆ ತಲೆಬಾಚುವ ಬ್ರಷ್ಷಿನಿಂದ ಒಂದು ಏಟು ಬಿದ್ದಿತ್ತು. ಅವಳು ನಗುತ್ತಲೇ ಮೊಣಕೈ ಉಜ್ಜಿಕೊಂಡಳು. ಆಮೇಲೆ ಮೂಲೆಗೆ ಹೋಗಿ ಫೋನಿನಲ್ಲಿ, "ಅಜ್ಜಿ ಮೈಯೆಲ್ಲಾ ಒದ್ದೆ ಇತ್ತು ಮೇಡಂ, ಕೆನ್ನೆ ಕೆಂಪಾಗಿದೆ," ಎಂದು ವರದಿ ಒಪ್ಪಿಸಿದಳು. ನನಗೆ ಕೇಳಿಸಲೆಂದೇ ಹೇಳಿದಳೋ, ಕೇಳಿಸದೆಂದು ಹೇಳಿದಳೋ ಗೊತ್ತಾಗಲಿಲ್ಲ.

"ಕೆನ್ನೆ ಯಾಕೆ ಕೆಂಪಾಯ್ತು ಅಂತಾನೂ ಹೇಳು ತಾಯಿ," ಎಂದೆ.

"ಕಂಡಿದ್ದು ಹೇಳೋದಷ್ಟೇ ನನ್ನ ಕೆಲ್ಸ, ಅಮ್ಮ."

ಬೀಗ ಹಾಕುವುದು ಕೈಕೊಟ್ಟಿತು. ಮಾರನೆಯ ದಿನ ಬೀರು ತೆಗೆದು ಬೇಕಾದ್ದನ್ನಷ್ಟೇ ಮೇಜಿನ ಮೇಲಿಟ್ಟೆ. ಸ್ಪಿರಿಟ್ ಸೀಸೆಯನ್ನು ತೊಳೆದು ನೀರು ತುಂಬಿಸಿದ್ದೆ, ಎಂಥ ಜಾಣತನ ಎಂದುಕೊಂಡು. ಅವಳು ಮುಚ್ಚಳ ತಿರುವಿ, ಎಡಗೈಯ ಪಟ್ಟಿಯ ಪಕ್ಕ ಒಂದು ಹನಿ ಬಿಟ್ಟುಕೊಂಡು, ಮೂಸಿ, ಸೀಸೆಯನ್ನು ನನ್ನ ಕಡೆಗೆ ತಳ್ಳಿದಳು.

"ಕಲಬೆರಕೆ! ನನ್ನ ಕೌಂಟರಲ್ಲೇ ಕಲಬೆರಕೆ!"

"ಏನು ಮಹಾ ಕೌಂಟರು," ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಬೆಳಗ್ಗೆಯಿಂದ ಎದೆ ನೋಯುತ್ತಿತ್ತು, ಹಿಂದಿನ ದಿನ ಅವಳು ತಿವಿದ ಜಾಗ. "ಜೀವಮಾನವೆಲ್ಲ ಸುಣ್ಣ ಬಳಿದದ್ದೇ ಬಂತು. ಯಾರಿಗಾದ್ರೂ ಒಂದು ಕೆಲ್ಸ ಕಲ್ಸಿದ್ದೀಯಾ? ನನಗೆ ಕಲ್ಸು ನೋಡೋಣ!"

ಹೇಳಿ, ಅವಳಿಗೂ ಕನ್ನಡಿಗೂ ನಡುವೆ ದೊಪ್ಪನೆ ಕುರ್ಚಿ ಎಳೆದು ಕೂತೆ. ಬೇಕೆಂದು ಮಾಡಿದ್ದಲ್ಲ.

ಕನ್ನಡಿ ಮರೆಯಾಯಿತು, ಆ ಮುದುಕಿ ಮರೆಯಾದಳು. ವಾರಗಿತ್ತಿಯ ಬೆನ್ನು ನೆಟ್ಟಗಾಯಿತು. ಗಲ್ಲ ಮೇಲೆದ್ದಿತು. ಈ ನಿಲುವನ್ನು ನಾನು ಗಾಜಿನ ಕಟ್ಟೆಯಾಚೆ ನೋಡಿ ಹಲ್ಲು ಕಡಿದದ್ದುಂಟು.

"ಹೊಸ ಹುಡುಗಿ ನೀನೇನಾ?" ಎಂದಳು.

ನನಗೆ ಎಪ್ಪತ್ತೊಂದು.

"ಹೂಂ," ಎಂದೆ.

"ಇಂಥ ಮುಖ ಇಟ್ಕೊಂಡು ಈ ಕೆಲ್ಸಕ್ಕೆ ಹೇಗೆ ಸೇರಿಸ್ಕೊಂಡ್ರು ನಿನ್ನ?"

"ನಿನ್ನ ಮುಖ ನೋಡಿ ಬೇಜಾರಾಗಿರ್ಬೇಕು, ಅದಕ್ಕೆ."

"ಬಾಯಿ ಜೋರು. ಕೈ ತೊಳ್ಕೊಂಡ್ಯಾ? ತೊಳ್ಕೊಂಡು ಬಾ. ಉಗುರು ತೋರ್ಸು. ಇದೇನಿದು, ಉಗುರಾ ಸೌಟಾ? ಕತ್ತರಿಸ್ಕೋ. ಗಿರಾಕಿ ಕಣ್ಣಿಗೆ ತಾಗಿದ್ರೆ ಜೈಲಿಗೆ ಹೋಗೋದು ನಾನು."

ತೊಳೆದು, ಕತ್ತರಿಸಿಕೊಂಡು ಬಂದೆ. ಕೌಂಟರಿಗೆ ಹೊಸದಾಗಿ ಸೇರಿದ ಹುಡುಗಿಯರು ಹಿರಿಯಳ ಮುಖದ ಮೇಲೆಯೇ ಕಲಿಯುವುದು ಅಲ್ಲಿಯ ಪದ್ಧತಿಯಾಗಿತ್ತು. ಹಾಗಾಗಿ ಅವಳು ತನ್ನ ಮುಖವನ್ನು ನನ್ನ ಮುಂದೆ ಚಾಚಿದಳು, ಕಣ್ಣು ಮುಚ್ಚಿ, ಮಗುವಿನ ಹಾಗೆ ಎನ್ನಲಾರೆ, ಮೇಲಧಿಕಾರಿಯ ಹಾಗೆ. ನಾನು ಕ್ರೀಮಿಗೆ ಬೆರಳು ಹಾಕಿದೆ. ತಟ್ಟನೆ ನನ್ನ ಮಣಿಕಟ್ಟಿಗೆ ಹೊಡೆದಳು.

"ನೇರ ಮುಖಕ್ಕಾ? ಮೊದಲು ಕೈಯ ಹಿಂಬದಿಗೆ! ಏನೇ ಇರ್ಲಿ, ಮೊದಲು ನಿನ್ನ ಕೈ ಹಿಂಬದಿಗೆ. ಉರಿಯುತ್ತಾ ನೋಡು. ಆಮೇಲೆ ಗಿರಾಕಿ ಕೈಗೆ. ಆಮೇಲೆ ಮುಖಕ್ಕೆ."

ನನ್ನ ಕೈಗೆ ಹಚ್ಚಿಕೊಂಡೆ. ಅವಳ ಕೈಗೆ ಹಚ್ಚಿದೆ. ಆಮೇಲೆ ಹಣೆ, ಮೂಗು, ಕೆನ್ನೆ. "ಉಜ್ಜಬೇಡ, ನೆಲ ಸಾರಿಸ್ತಿದ್ದೀಯಾ?" "ಅಷ್ಟು ಮೆತ್ತಿದ್ರೆ ಮಾಲೀಕ ಸಂಬಳದಲ್ಲಿ ಹಿಡೀತಾನೆ." "ಹುಬ್ಬಿಗೆ ಪೆನ್ಸಿಲ್ ಬೇಡ, ನಡುಗೋ ಕೈಯವ್ರು ಬೆರಳಲ್ಲಿ ತೀಡ್ಬೇಕು." ನಡುಗುವುದು ತನ್ನ ಕೈಯೆಂದು ತಿಳಿದೇ ಹೇಳಿದಳೋ, ನನ್ನದೆಂದು ಹೇಳಿದಳೋ, ಅಂತೂ ಪೆನ್ಸಿಲ್ ಅಂದೇ ಮೇಜಿನಿಂದ ಕೆಳಗಿಳಿಯಿತು. ಲಿಪ್‌ಸ್ಟಿಕ್ಕನ್ನು ಅವಳ ಕೈಗೆ ಕೊಡದೆ ನನ್ನ ಬೆರಳ ತುದಿಯಿಂದ ಒತ್ತಿದೆ, ಕಚ್ಚಲು ಸಿಗಲಿಲ್ಲ. ಪೌಡರನ್ನು ಡಬ್ಬಿಯಿಂದಲ್ಲ, ಕುಚ್ಚಿನಲ್ಲಿ ತಟ್ಟಿ ತೆಗೆದುಕೊಟ್ಟೆ, ಕೆಮ್ಮು ಬರಲಿಲ್ಲ. ಮುಗಿದ ಮೇಲೆ ಅವಳು ಒಂದು ತಟ್ಟೆ ಇಡೀ ತಿಂದಳು. "ನಾಳೆ ಬೇಗ ಬಾ, ಸೋಮಾರಿ," ಎಂದಳು.

ಬಾಗಿಲ ಸಂದಿಯಲ್ಲಿ ಸಕ್ಕರೆ ನಿಂತಿದ್ದಳು.

"ಅಜ್ಜೀನ ಬೈಬಾರ್ದು ಅಮ್ಮ," ಎಂದಳು. "ಇಂಥವ್ರ ಹತ್ರ ಪ್ರೀತಿಯಿಂದ ಮಾತಾಡ್ಬೇಕು ಅಂತ ನಮಗೆ ಕಲ್ಸಿದ್ದಾರೆ."

"ಪ್ರೀತಿಯಿಂದ ಮಾತಾಡಿ ಏಟು ತಿಂದಿದ್ದು ನೀನು. ಬೈದು ಊಟ ಮಾಡಿಸಿದ್ದು ನಾನು. ಇದನ್ನೂ ಫೋನಲ್ಲಿ ಹೇಳು."

ಹೇಳಿದಳೋ ಇಲ್ಲವೋ ತಿಳಿಯದು. ಮಗಳಿಂದ ಫೋನು ಬಂತು: "ಅಮ್ಮನ ಮುಖಕ್ಕೆ ಮುಖ ಕೊಟ್ಟು ಬೈತೀರಂತೆ. ಭಾನುವಾರ ಹೇಗೂ ಬರ್ತೀನಲ್ಲ."

ಬಾಕಿ ಉಳಿದದ್ದು ಕೂದಲು. ಸುರುಳಿ ಇಲ್ಲದಿದ್ದರೆ ಅವಳಿಗೆ ಮುಖ ಮುಗಿದಂತಲ್ಲ. ಕರ್ಲರ್ ಎಲ್ಲಿ, ಕರ್ಲರ್ ಎಲ್ಲಿ ಎಂದು ಖಾನೆಗಳನ್ನೆಲ್ಲ ಕೆದಕಿ, ಒಮ್ಮೆ ಸ್ವಿಚ್ಚಿನ ತೂತಿಗೆ ಬಾಚಣಿಗೆಯ ಹಿಡಿಯನ್ನೇ ತುರುಕಲು ಹೋದಳು. ಆ ತೂತಿಗೆ ಮುಚ್ಚಳ ತಂದು ಹಾಕಿದೆ. ಸ್ಪಂಜಿನ ಸುರುಳಿಗಳು ಸಿಗುತ್ತವೆ, ಬಿಸಿ ಬೇಡ. ಸಂಜೆ ಒದ್ದೆ ಕೂದಲಿಗೆ ಸುತ್ತಿ, ಮೇಲೊಂದು ಬಟ್ಟೆ ಕಟ್ಟಿ, ಬೆಳಗ್ಗೆ ಬಿಚ್ಚಿದರೆ ಗುಂಗುರು ನಿಲ್ಲುತ್ತದೆ. ಸುತ್ತುವಾಗ "ನನ್ನ ತಲೆ ಏನು, ನೂಲಿನ ಉಂಡೆಯಾ?" ಎಂದು ಬೈದಳು, "ಉಂಡೆಯೊಳಗೆ ಏನಾದ್ರೂ ಇರುತ್ತೆ," ಎಂದು ನಾನೂ ಬೈದೆ, ಕೆಲಸ ಮುಗಿಯಿತು. ಆದರೂ ಬೆಳಗ್ಗೆ ಅವಳ ಕೈ ಕರ್ಲರನ್ನು ಹುಡುಕಿತು. ಆಗ ನಾನು ಬೀರುವಿನಿಂದ ಅದನ್ನು ತೆಗೆದು, ಬುಡದ ಹತ್ತಿರ ವಯರು ಕತ್ತರಿಸಿ, ತಣ್ಣನೆಯ ಕಡ್ಡಿಯನ್ನು ಮೇಜಿನ ಕೊನೆಗಿಟ್ಟೆ. ಸುರುಳಿಯಾಗಿಯೇ ಇರುವ ಕೂದಲಿಗೆ ಸುಮ್ಮನೆ ಮುಟ್ಟಿಸಿದರೆ ತಾನೇ ಮಾಡಿಕೊಂಡೆನೆಂದು ತಿಳಿದಾಳು ಎಂಬುದು ನನ್ನ ಲೆಕ್ಕ.

ಅವಳು ಕಡ್ಡಿಯನ್ನು ಬಲಗೈಯಲ್ಲಿ ಎತ್ತಿಕೊಂಡಳು. ಕೂದಲಿನ ಕಡೆಗೆ ಒಯ್ಯಲಿಲ್ಲ. ಎಡಗೈ ಮುಂದೆ ಚಾಚಿ, ಅದರ ಹಿಂಬದಿಯ ಮೇಲೆ, ಬಿಳಿ ಪಟ್ಟಿ ಕಟ್ಟಿದ ಜಾಗದಲ್ಲೇ, ಕಡ್ಡಿಯನ್ನು ನೆಟ್ಟಗೆ ಮಲಗಿಸಿದಳು. ಒಂದು ಗಳಿಗೆ ಕಾದಳು. "ಉರಿಯಲ್ಲ, ನಡೆಯುತ್ತೆ," ಎಂದು ಆಮೇಲೆ ಕೂದಲಿಗೆ ಹಿಡಿದಳು.

ನನ್ನ ಕೈಯಲ್ಲಿದ್ದ ಪೌಡರಿನ ಕುಚ್ಚು ಕೆಳಗೆ ಬಿತ್ತು.

ಕ್ರೀಮಾಗಲಿ, ಸ್ಪಿರಿಟ್ಟಾಗಲಿ, ಕಾದ ಕಬ್ಬಿಣವಾಗಲಿ, ಮೊದಲು ಕೈಯ ಹಿಂಬದಿಗೆ. ಯಾವುದು ಹಚ್ಚುವಂಥದು ಯಾವುದು ಸುಡುವಂಥದು ಎಂಬುದು ಅವಳ ತಲೆಯಿಂದ ಅಳಿಸಿಹೋಗಿತ್ತು, ಪದ್ಧತಿ ಮಾತ್ರ ಕೈಯಲ್ಲಿ ಉಳಿದಿತ್ತು. ಗಿರಾಕಿಯನ್ನು ಕಾಯಲು ಕಲಿತ ಪದ್ಧತಿಯೇ ಅವಳನ್ನು ಸುಟ್ಟಿತ್ತು.

ಮಗಳಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ನಾನು ಹೇಳಿದರೆ ಚೆನ್ನಾಗಿ ಹೆಣೆದ ಕಥೆಯಾಗುತ್ತದೆ. ಸಕ್ಕರೆ ಆ ಹೊತ್ತು ಬಂದಿರಲಿಲ್ಲ. ಅವಳೇ ತನ್ನ ಕೈಯಿಂದ, ತನ್ನ ಮಗಳ ಕಣ್ಣೆದುರು ಮಾಡಿ ತೋರಿಸಬೇಕು. ಅವಳೋ, ಇಂದು ಮಾಡಿದ್ದನ್ನು ನಾಳೆ ಮಾಡಿಯಾಳು ಎಂಬ ಭರವಸೆ ಇಲ್ಲದವಳು.

ಭಾನುವಾರ ಮಗಳು ಬಂದಾಗ ಕೈಯಲ್ಲಿ ಖಾಲಿ ಸೂಟ್‌ಕೇಸ್ ಇತ್ತು. ಅದನ್ನು ಹಾಸಿಗೆಯ ಮೇಲೆ ಬಾಯಿ ತೆರೆದು ಇಟ್ಟಳು. ನಾನು ನೋಡಲಿ ಎಂದು.

"ಶುರುಮಾಡಿ," ಎಂದಳು. "ನರ್ಸ್ ಹೇಳಿದ್ದು ಕೇಳಿದ್ದೀನಿ. ಅಮ್ಮನ ಹತ್ರ ಮರ್ಯಾದೆಯಾಗಿ ಮಾತಾಡಿ, ಅಷ್ಟೇ. ಒಂದು ಕೆಟ್ಟ ಮಾತು ಬಂದ್ರೂ ನಿಲ್ಲಿಸ್ತೀನಿ."

ಸಕ್ಕರೆ ಗೋಡೆಗೊರಗಿ ಕೈ ಕಟ್ಟಿ ನಿಂತಿದ್ದಳು. ವಾರಗಿತ್ತಿ ಸ್ಪಂಜಿನ ಸುರುಳಿ ತುಂಬಿದ ತಲೆ ಹೊತ್ತು, ಹಿಡಿಕೆ ಇರುವ ಕುರ್ಚಿಯಲ್ಲಿ ಗಂಟು ಮುಖದಿಂದ ಕೂತಿದ್ದಳು. ಹಳೆಯ ಸ್ಟೂಲಿನಿಂದ ಉರುಳುತ್ತಾಳೆಂದು ಆ ಕುರ್ಚಿ ತಂದಿದ್ದೆ. ನಾನು ಕನ್ನಡಿಗೆ ಅಡ್ಡವಾಗಿ ಕೂತು, ದನಿ ಇಳಿಸಿ, ಬದುಕಿನಲ್ಲಿ ಮೊದಲ ಬಾರಿಗೆ ಹೇಳಿದೆ:

"ಅಕ್ಕಾ, ದಯವಿಟ್ಟು ಮುಖ ಸ್ವಲ್ಪ ಈ ಕಡೆ ತಿರುಗಿಸ್ತೀರಾ?"

ಅವಳು ಕಣ್ಣು ಕಿರಿದು ಮಾಡಿದಳು.

"ಏನು ಕದ್ದೆ?"

"ಏನೂ ಇಲ್ಲ ಅಕ್ಕಾ. ಕ್ರೀಮ್ ಹಚ್ಚಲಾ?"

"ಇವಳು ಏನೋ ಕದ್ದಿದ್ದಾಳೆ!" ಅವಳು ಕುರ್ಚಿಯ ಹಿಡಿಕೆ ಹಿಡಿದು ಏಳತೊಡಗಿದಳು. "ದನಿ ನೋಡಿ ದನಿ! ನೆನ್ನೆವರೆಗೂ ಇರಲಿಲ್ಲ. ಯಾರ್ರೀ ಅಲ್ಲಿ, ಇವಳ ಚೀಲ ತಪಾಸಣೆ ಮಾಡಿ! ಮುಟ್ಟಬೇಡ! ಮುಟ್ಟಬೇಡ ನನ್ನ!"

"ನೋಡಿ," ಎಂದಳು ಮಗಳು. ಅವಳ ತುಟಿ ಬಿಳಚಿಕೊಂಡಿತ್ತು. "ನೀವಂದ್ರೆ ಹೇಗೆ ಹೆದರ್ತಾಳೆ ನೋಡಿ. ಇನ್ನೇನು ಬೇಕು ಸಾಕ್ಷಿ? ನರ್ಸಮ್ಮ, ಬಟ್ಟೆ ತುಂಬಿ."

ಸಕ್ಕರೆ ಕದಲಲಿಲ್ಲ. "ಮೇಡಂ," ಎಂದಳು, ಬೆಣ್ಣೆಯಿಲ್ಲದ ದನಿಯಲ್ಲಿ, "ಇವ್ರು ದಿನಾ ಮಾತಾಡೋ ಹಾಗೆ ಮಾತಾಡೋಕೆ ಬಿಡಿ. ಹೀಗೆ ಅಲ್ಲ ಇವ್ರು ಮಾತಾಡೋದು."

ಒಪ್ಪಿಗೆಗೆ ನಾನು ಕಾಯಲಿಲ್ಲ.

"ಕದಿಯೋಕೆ ಏನಿದೆಯೇ ನಿನ್ನ ಕೌಂಟರಲ್ಲಿ?" ಎಂದೆ. "ಇರುವೆ ಕೂಡ ಮೂಸಲ್ಲ. ಕೂತ್ಕೋ ತೆಪ್ಪಗೆ!"

ವಾರಗಿತ್ತಿ ನಿಂತಲ್ಲೇ ನಿಂತಳು. ಭುಜ ಇಳಿಯಿತು. ಕುರ್ಚಿಯಲ್ಲಿ ಕೂತು ಗಲ್ಲ ಮೇಲೆತ್ತಿದಳು.

"ತಡವಾಗಿ ಬರೋದಲ್ಲದೆ ಬಾಯಿ ಬೇರೆ. ಕೈ ತೊಳ್ಕೊಂಡ್ಯಾ?"

"ನಿನಗಿಂತ ಮೊದ್ಲೇ."

"ಉಗುರು."

ತೋರಿಸಿದೆ. ಅವಳು ಒಂದೊಂದೇ ಬೆರಳು ಹಿಡಿದು ನೋಡಿ ಹೂಂಗುಟ್ಟಿದಳು. ತಡೆಯಲು ಒಂದು ಹೆಜ್ಜೆ ಮುಂದಿಟ್ಟ ಮಗಳು ಹಿಂದಕ್ಕೆ ಸರಿದಳು. ಕ್ರೀಮು ನನ್ನ ಕೈಗೆ, ಅವಳ ಕೈಗೆ, ಮುಖಕ್ಕೆ. ಹುಬ್ಬು ಬೆರಳಲ್ಲಿ. ಪೌಡರು ಕುಚ್ಚಿನಲ್ಲಿ. ನಡುವೆ ನನ್ನ ಮೂಗು, ನನ್ನ ತಲೆಬುಡ, ನನಗೆ ಕೆಲಸ ಕೊಟ್ಟವನ ಕಣ್ಣು, ಎಲ್ಲವೂ ಅವಳ ಬಾಯಿಗೆ ಬಿದ್ದವು. ನಾನೂ ಕೊಟ್ಟದ್ದನ್ನು ಇಟ್ಟುಕೊಳ್ಳಲಿಲ್ಲ. ಸ್ಪಂಜುಗಳನ್ನು ಬಿಚ್ಚಿದೆ. ಬಿಳಿ ಕೂದಲು ಗುಂಗುರಾಗಿ ಭುಜದ ಮೇಲಿಳಿಯಿತು.

ಆಗ ಮಗಳ ಕಣ್ಣು ಮೇಜಿನ ಕೊನೆಗೆ ಬಿತ್ತು.

"ಇದು ಇನ್ನೂ ಇಲ್ಲೇ ಇದೆಯಾ!" ಎಂದು ಕಿರುಚಿದಳು. "ಅಮ್ಮನ ಕೈ ಸುಟ್ಟ ಕಡ್ಡೀನ ಅವಳೆದುರಿಗೇ ಇಟ್ಟಿದ್ದೀರಾ? ನಿಮ್ಮಂಥ ಕಟುಕರನ್ನ..."

ಕೈ ಚಾಚಿ ಎಳೆದುಕೊಳ್ಳುವ ಮೊದಲೇ ಅವಳ ತಾಯಿ ಕಡ್ಡಿಯನ್ನು ಎತ್ತಿಕೊಂಡಿದ್ದಳು. ನೇರ ಕೂದಲಿಗೆ ಒಯ್ದರೆ ನನ್ನ ಕಥೆ ಅಲ್ಲಿಗೇ ಮುಗಿಯಿತು. ಅವಳು ಕಡ್ಡಿಯನ್ನು ಹಾಗೆ ಹೀಗೆ ತಿರುಗಿಸಿ ನೋಡಿದಳು. ಕನ್ನಡಿಯ ಅಂಚಿನತ್ತ ನೋಡಿದಳು. ಮರೆತಳು ಎಂದುಕೊಂಡೆ.

"ಮೊದಲು ಎಲ್ಲಿಗೆ, ಮೇಲಧಿಕಾರಿ?" ಎಂದು ಕುಟುಕಿದೆ. "ಬೇರೆಯವ್ರಿಗೆ ಬೋಧನೆ ಮಾಡೋಕೆ ಬರುತ್ತೆ, ತನಗೆ ಬಂದಾಗ ಮರ್ತುಹೋಗುತ್ತೆ."

"ನನಗೆ ಹೇಳಿಕೊಡ್ತೀಯಾ ನೀನು?" ಅವಳು ಉರಿದು ಎಡಗೈ ಚಾಚಿ, ಪಟ್ಟಿಯ ಮೇಲೆಯೇ ಕಡ್ಡಿಯನ್ನು ನೆಟ್ಟಗೆ ಒತ್ತಿದಳು. ಗಾಯದ ಮೇಲೆ ಗಾಯದ ಅಳತೆ ಕೂತಿತು.

"ಅಮ್ಮಾ!" ಮಗಳು ಎರಡೂ ಕೈಗಳಿಂದ ಕಡ್ಡಿಯನ್ನು ಕಸಿದುಕೊಂಡಳು. ಕಸಿದವಳು ಹಾಗೆಯೇ ನಿಂತಳು. ಕೈಯಲ್ಲಿದ್ದದ್ದು ತಣ್ಣನೆಯ ಲೋಹ. ವಯರು ಹುಡುಕಿದಳು. ಗೇಣಿನ ಕಾಲುಭಾಗದಷ್ಟು ಬಾಲ ಉಳಿದಿತ್ತು.

"ಉರಿಯಲ್ಲ, ನಡೆಯುತ್ತೆ," ಎಂದಳು ಅವಳ ತಾಯಿ, ಗಂಭೀರವಾಗಿ. "ಯಾರಿಗೇ ಆಗ್ಲಿ, ಮೊದಲು ನಮ್ಮ ಕೈ ಮೇಲೆ ನೋಡ್ಕೋಬೇಕು. ಗಿರಾಕಿ ಚರ್ಮ ನಮ್ಮ ಜವಾಬ್ದಾರಿ."

ಸಕ್ಕರೆ ಹಾಸಿಗೆಯ ಹತ್ತಿರ ಹೋಗಿ ಸೂಟ್‌ಕೇಸಿನ ಬಾಯಿ ಮುಚ್ಚಿದಳು. ಮಗಳು ಕಡ್ಡಿಯನ್ನು ನೋಡಿದಳು, ಪಟ್ಟಿಯನ್ನು ನೋಡಿದಳು. ನನ್ನನ್ನು ಮಾತ್ರ ನೋಡಲಿಲ್ಲ.

"ಇದನ್ನ ಮೊದ್ಲೇ ಯಾಕೆ ಹೇಳಲಿಲ್ಲ?" ಎಂದಳು ಕೊನೆಗೆ.

"ನಂಬ್ತಿದ್ಯಾ?"

ತಪ್ಪಾಯಿತೆಂದು ಅವಳು ಹೇಳಲಿಲ್ಲ. ನಾನೂ ಬಾಯಿ ತೆರೆದು ಕಾಯಲಿಲ್ಲ. "ವಯರ್ ಕತ್ತರಿಸಿದ್ದು ಸರಿ," ಎಂದಷ್ಟೇ ಗೊಣಗಿ, "ಸ್ಪಿರಿಟ್ ಸೀಸೆ ಎಲ್ಲಿ? ಚಿಮಟ ಎಲ್ಲಿ?" ಎಂದು ಪೊಲೀಸಿನವಳ ಹಾಗೆ ಒಂದೊಂದೇ ಕೇಳಿದಳು. ಬೀರುವಿನ ಬೀಗದ ಕೈಯನ್ನು ಅವಳ ಮುಂದೆ ಎಸೆದೆ. ತೆರೆದು ನೋಡಿದಳು. ಮುಚ್ಚಿದಳು. ಬೀಗದ ಕೈಯನ್ನು ತನ್ನ ಚೀಲಕ್ಕೆ ಹಾಕಿಕೊಳ್ಳಲು ಹೋಗಿ, ಮತ್ತೆ ಮೇಜಿನ ಮೇಲೆ ನನ್ನ ಕೈಗೆಟಕುವ ಹಾಗೆ ಇಟ್ಟಳು.

"ಆದ್ರೂ ನೀವು ಬೈಯೋದು ನನಗೆ ಸರಿಕಾಣಲ್ಲ."

"ನಿನಗೆ ಸರಿಕಾಣಲಿ ಅಂತ ಬೈತಿಲ್ಲ ನಾನು."

ನಮ್ಮಿಬ್ಬರನ್ನೂ ನೋಡುತ್ತಿದ್ದ ವಾರಗಿತ್ತಿಯ ಸಹನೆ ಮುಗಿಯಿತು. ಮಗಳ ಕಡೆಗೆ ಗಲ್ಲ ತೋರಿಸಿದಳು.

"ಇವಳ್ಯಾರು?"

"ಅಮ್ಮಾ, ನಾನು..."

"ಹೊಸಬಳಾ? ಕೂಗಾಡ್ತಾಳೆ. ಗಿರಾಕಿ ಕೈಯಿಂದ ಸಾಮಾನು ಕಿತ್ಕೋತಾಳೆ. ಇಂಥವ್ರನ್ನ ಕೌಂಟರಿಗೆ ಬಿಟ್ರೆ ಅಂಗಡಿ ಮುಚ್ಚಬೇಕಾಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, ಏನೋ ಹುಡುಕುವವಳಂತೆ ನನ್ನ ಮುಖವನ್ನು ತುಸು ಹೊತ್ತು ನೋಡಿದಳು. "ಗೂಬೆ, ನೀನು ಕಲ್ಸು ಇವಳಿಗೆ. ನನ್ನ ಕೈಲಾಗಲ್ಲ."

ಕ್ರೀಮಿನ ಡಬ್ಬಿಯ ಮುಚ್ಚಳ ಹಾಕಿ ಮತ್ತೆ ತೆಗೆದೆ.

ಮಗಳಿಗೂ ಆ ಹೆಸರು ಕೇಳಿಸಿತ್ತು. ಚಿಕ್ಕಂದಿನಲ್ಲಿ ಅದನ್ನೇ ಹೇಳಿ ನನ್ನನ್ನು ರೇಗಿಸುತ್ತಿದ್ದವಳು ಅವಳು. ಕಣ್ಣು ತುಂಬಿಕೊಂಡು ತಾಯಿಯನ್ನು ನೋಡಿದಳು, ತಾಯಿಯ ಕಣ್ಣಿನಲ್ಲಿ ತನಗೆ ಜಾಗ ಸಿಗಲಿಲ್ಲ. ಇನ್ನೊಂದು ಕುರ್ಚಿ ಎಳೆದು ನನ್ನ ಎದುರು ಕೂತಳು, ಕೂರಬೇಕೋ ಬೇಡವೋ ಎನ್ನುವ ಹಾಗೆ.

"ಕೈ ತೊಳ್ಕೊಂಡ್ಯಾ?" ಎಂದೆ.

"ಚಿಕ್ಕಮ್ಮ, ಇದೆಲ್ಲ..."

"ತೊಳ್ಕೊಂಡು ಬಾ. ನಿಮ್ಮಮ್ಮ ನೋಡ್ತಿದ್ದಾಳೆ."

ಎದ್ದು ಹೋದಳು. ನಲ್ಲಿಯ ಸದ್ದು ಬೇಕೆಂದೇ ಜೋರಾಗಿ ಕೇಳಿಸಿತು. ಒದ್ದೆ ಕೈ ಚಾಚಿ ಮತ್ತೆ ಕೂತಳು. ಉಗುರುಗಳೆಲ್ಲ ಬುಡದವರೆಗೆ ಕಚ್ಚಿಕೊಂಡಿದ್ದವು. ಅದನ್ನು ಆಡಿಕೊಳ್ಳಬಹುದಿತ್ತು, ಆಡಿಕೊಳ್ಳಲಿಲ್ಲ. ನನಗಾಗದ ಆ ಕೆಲಸವನ್ನು ಅವಳ ತಾಯಿ ಮಾಡಿದಳು: "ಇದೇನು, ಇಲಿ ತಿಂದಿದೆಯಾ?"

"ತಿರುಗಿಸು ಕೈನ," ಎಂದೆ ಒರಟಾಗಿ. "ಅಂಗೈ ಅಲ್ಲ. ಹಿಂಬದಿ."

ತಿರುಗಿಸಿದಳು. ಡಬ್ಬಿಯಿಂದ ಕಾಳಿನಷ್ಟು ಕ್ರೀಮು ತೆಗೆದು ಮೊದಲು ನನ್ನ ಕೈಗಿಟ್ಟುಕೊಂಡೆ, ಉರಿಯಲಿಲ್ಲ. ಆಮೇಲೆ ಅವಳ ಕೈಗಿಟ್ಟೆ.